ಸೆರೆಮನೆಯಲ್ಲಿ ಗಮನ ಕೊರತೆ: ಶಿಕ್ಷೆಯ ಜೊತೆಗೆ ಚಿಕಿತ್ಸೆ



ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ತರಗತಿಯಲ್ಲಿ ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗನನ್ನು ನೋಡಿದಾಗ ಈ ಮಾತು ನಮ್ಮ ಬಾಯಿಗೆ ಬರುತ್ತದೆ. ಮತ್ತೆ ಮತ್ತೆ ಅಪರಾಧ ಮಾಡಿ ಸೆರೆಮನೆಗೆ ಹೋಗಿಬರುವ ಮನುಷ್ಯನನ್ನು ಕಂಡಾಗಲೂ ಇದೇ ಮಾತು ಬರುತ್ತದೆ. ಈ ಇಬ್ಬರ ನಡುವೆ ಏನಾದರೂ ಸಂಬಂಧ ಇರಬಹುದೇ? ಇದ್ದರೆ ಆ ಗುಣವನ್ನು ಸುಡುವ ಬದಲು ಅದಕ್ಕೆ ಚಿಕಿತ್ಸೆ ಕೊಡಲು ಸಾಧ್ಯವೇ? ಇಂದಿನ ನನ್ನ ಮಾತು ಈ ಎರಡು ಪ್ರಶ್ನೆಗಳನ್ನು ಕುರಿತದ್ದು.

ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವ ತೊಂದರೆಯ ಪೂರ್ಣ ಹೆಸರು ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಕನ್ನಡದಲ್ಲಿ ಇದನ್ನು ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎನ್ನಬಹುದು. ಅನುಕೂಲಕ್ಕಾಗಿ ನಾವು ಗಮನ ಕೊರತೆ ಎಂದಷ್ಟೇ ಹೇಳೋಣ. ಇದರಲ್ಲಿ ಮುಖ್ಯವಾಗಿ ಮೂರು ಲಕ್ಷಣಗಳಿವೆ. ಮೊದಲನೆಯದು, ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಎರಡನೆಯದು, ದೇಹಕ್ಕೆ ಸದಾ ಚಡಪಡಿಕೆ. ಮೂರನೆಯದು ದುಡುಕು, ಅಂದರೆ ಯೋಚಿಸುವ ಮೊದಲೇ ಕೈ ಅಥವಾ ನಾಲಿಗೆ ಮುಂದಾಗಿಬಿಡುವುದು. ಒಬ್ಬರಲ್ಲಿ ಮೂರೂ ಇರಬಹುದು. ಇನ್ನೊಬ್ಬರಲ್ಲಿ ಗಮನದ ತೊಂದರೆಯೊಂದೇ ಇದ್ದು, ಹೊರಗಿನಿಂದ ನೋಡುವವರಿಗೆ ಅವರು ಶಾಂತವಾಗಿ ಕನಸು ಕಾಣುತ್ತಿರುವಂತೆ ತೋರಬಹುದು. ಹುಡುಗಿಯರಲ್ಲಿ ಈ ಎರಡನೆಯ ಬಗೆ ಅನೇಕ ವೇಳೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಇದನ್ನು ಕೇಳುತ್ತಿದ್ದಂತೆ, ನನಗೂ ಇದೇ ಇದೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆತುರ ಬೇಡ. ಪರೀಕ್ಷೆಯ ಹಿಂದಿನ ರಾತ್ರಿ ಮನಸ್ಸು ಓಡಾಡುವುದು ರೋಗವಲ್ಲ. ವೈದ್ಯರು ಇದಕ್ಕೆ ಕಟ್ಟುನಿಟ್ಟಾದ ಅಳತೆ ಇಟ್ಟುಕೊಂಡಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಅವು ಮನೆ, ಶಾಲೆ, ಕೆಲಸದ ಜಾಗ, ಇವುಗಳಲ್ಲಿ ಕನಿಷ್ಠ ಎರಡು ಕಡೆ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವುಗಳಿಂದ ಬದುಕಿಗೆ ನಿಜವಾದ ತೊಡಕು ಆಗುತ್ತಿರಬೇಕು. ಈ ಅಳತೆಯಲ್ಲಿ ನೋಡಿದರೆ ಜಗತ್ತಿನ ಮಕ್ಕಳಲ್ಲಿ ಶೇಕಡಾ 5ರಷ್ಟು, ವಯಸ್ಕರಲ್ಲಿ ಶೇಕಡಾ 2.5ರಷ್ಟು ಜನರಿಗೆ ಈ ತೊಂದರೆ ಇದೆ ಎಂದು ಸ್ಥೂಲವಾಗಿ ಹೇಳಬಹುದು. ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು ಎಂದಾಯಿತು.

ಈ ತೊಂದರೆ ಇಂದಿನ ಟಿ.ವಿ., ಮೊಬೈಲುಗಳ ಕಾಲದಲ್ಲಿ ಹುಟ್ಟಿದ್ದಲ್ಲ. ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1798ರಷ್ಟು ಹಿಂದೆಯೇ ಗಮನದ ಅಸ್ಥಿರತೆಯನ್ನು ಒಂದು ವೈದ್ಯಕೀಯ ಸಂಗತಿಯಾಗಿ ವಿವರಿಸಿದ್ದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಈ ಬಗೆಯ ಮಕ್ಕಳನ್ನು ಕುರಿತು ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಉಪನ್ಯಾಸಗಳನ್ನು ನೀಡಿದರು. ಈ ಮಕ್ಕಳ ಬುದ್ಧಿಗೆ ಕೊರತೆಯಿಲ್ಲ, ಆದರೆ ತಮ್ಮನ್ನು ತಾವು ತಡೆದುಕೊಳ್ಳುವ ಶಕ್ತಿಗೆ ಕೊರತೆಯಿದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದರೆ ಅವರು ಅದಕ್ಕೆ ನೈತಿಕ ಹತೋಟಿಯ ದೋಷ ಎಂಬ ಹೆಸರನ್ನು ಕೊಟ್ಟರು. ನೈತಿಕ ಎಂಬ ಆ ಒಂದು ಪದದ ನೆರಳು ಇಂದಿಗೂ ಪೂರ್ತಿಯಾಗಿ ಸರಿದಿಲ್ಲ. ಗಮನ ಕೊರತೆ ಇರುವವನನ್ನು ಸಮಾಜ ಇಂದಿಗೂ ಕೆಟ್ಟವನು ಎನ್ನುತ್ತದೆಯೇ ಹೊರತು ತೊಂದರೆಯಲ್ಲಿರುವವನು ಎನ್ನುವುದಿಲ್ಲ.

ಹಾಗಾದರೆ ತೊಂದರೆ ಇರುವುದು ಎಲ್ಲಿ? ನಮ್ಮ ಹಣೆಯ ಹಿಂದೆ ಮಿದುಳಿನ ಮುಂಭಾಗವಿದೆ. ಮುಂದಾಲೋಚನೆ, ಕಾಯುವಿಕೆ, ತಡೆದುಕೊಳ್ಳುವಿಕೆ ಇವೆಲ್ಲ ಬಹುಮಟ್ಟಿಗೆ ಅದರ ಕೆಲಸ. ಸೈಕಲ್ಲಿಗೆ ಬ್ರೇಕು ಇದ್ದ ಹಾಗೆ ಎನ್ನಿ. ಈ ಭಾಗದ ನರಕೋಶಗಳು ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಗಮನ ಕೊರತೆ ಇರುವವರಲ್ಲಿ ಈ ಸುದ್ದಿ ಸಾಗಾಟ ಸಮರ್ಪಕವಾಗಿಲ್ಲ ಎಂಬುದು ವಿಜ್ಞಾನಿಗಳ ತಿಳಿವಳಿಕೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 70ಕ್ಕೂ ಹೆಚ್ಚು ಪಾಲು ಅನುವಂಶೀಯತೆಯದ್ದು. ಗಾದೆ ಅರ್ಧ ನಿಜ ಎಂದಾಯಿತು. ಇದು ಬಹುಮಟ್ಟಿಗೆ ಹುಟ್ಟುಗುಣವೇ ಹೌದು. ಆದರೆ ಅದು ಹೋಗದು, ತಗ್ಗದು ಎಂಬ ಉಳಿದರ್ಧ ನಿಜವೇ?

ಈ ಪ್ರಶ್ನೆಗೆ ಮೊದಲ ಉತ್ತರ ಆಕಸ್ಮಿಕವಾಗಿ ಸಿಕ್ಕಿತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು, ಒಂದು ಪರೀಕ್ಷೆಯ ನಂತರ ಬರುತ್ತಿದ್ದ ತಲೆನೋವನ್ನು ಕಡಿಮೆ ಮಾಡಲು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಔಷಧ ಕೊಟ್ಟರು. ಅದು ಆಂಫೆಟಮಿನ್ ಗುಂಪಿಗೆ ಸೇರಿದ ಉತ್ತೇಜಕ. ಆದರೆ ಕಂಡ ಫಲ ಬೇರೆಯೇ ಆಗಿತ್ತು. ಔಷಧ ಪಡೆದ 30 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಗಮನಾರ್ಹವಾಗಿ ಮುಂದೆ ಬಂದರು. ಉತ್ತೇಜಕ ಕೊಟ್ಟರೆ ಚಂಚಲ ಮಗು ಇನ್ನಷ್ಟು ಚಂಚಲವಾಗಬೇಕಲ್ಲವೇ? ಹಾಗಾಗಲಿಲ್ಲ. ಕಾರಣ, ಔಷಧ ಚುರುಕುಗೊಳಿಸಿದ್ದು ಮಿದುಳಿನ ಬ್ರೇಕನ್ನು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜೋನ್ ಮಿಥೈಲ್‌ಫೆನಿಡೇಟ್ ಎಂಬ ಹೊಸ ಔಷಧವನ್ನು ತಯಾರಿಸಿದರು. ಅವರ ಹೆಂಡತಿಯ ಅಡ್ಡಹೆಸರು ರೀಟಾ. ಆ ಹೆಸರಿನಿಂದಲೇ ಔಷಧಕ್ಕೆ ರಿಟಾಲಿನ್ ಎಂಬ ಮಾರಾಟದ ಹೆಸರು ಬಂತು. ಇಂದಿಗೂ ಗಮನ ಕೊರತೆಯ ಚಿಕಿತ್ಸೆಯಲ್ಲಿ ಮುಖ್ಯವಾಗಿ ಬಳಸುವ ಔಷಧಗಳಲ್ಲಿ ಇದೂ ಒಂದು.

ಇನ್ನು ಸೆರೆಮನೆಯ ವಿಷಯಕ್ಕೆ ಬರೋಣ. ಆದರೆ ಅದಕ್ಕೆ ಮೊದಲು ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಗಮನ ಕೊರತೆ ಇರುವ ಬಹುತೇಕ ಜನ ಯಾವ ಅಪರಾಧವನ್ನೂ ಮಾಡುವುದಿಲ್ಲ. ಅವರಲ್ಲಿ ಶಿಕ್ಷಕರಿದ್ದಾರೆ, ಕಲಾವಿದರಿದ್ದಾರೆ, ವ್ಯಾಪಾರಿಗಳಿದ್ದಾರೆ. ಈ ತೊಂದರೆ ಯಾರನ್ನೂ ಕಳ್ಳನನ್ನಾಗಿ ಹುಟ್ಟಿಸುವುದಿಲ್ಲ. ಆದರೆ ದಾರಿ ತಪ್ಪುವ ತಿರುವುಗಳು ಇಂಥವರ ಹಾದಿಯಲ್ಲಿ ಉಳಿದವರಿಗಿಂತ ಹೆಚ್ಚು ಬರುತ್ತವೆ.

ಆ ತಿರುವುಗಳನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪಾಠ ತಲೆಗೆ ಹತ್ತುವುದಿಲ್ಲ. ದಿನವೂ ಬೈಗುಳ, ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ದಡ್ಡ, ತಲೆಹರಟೆ ಎಂಬ ಹೆಸರು. ಹೋಮ್‌ವರ್ಕ್ ಮಾಡದೆ ಶಾಲೆಗೆ ಹೋಗಲು ಹೆದರಿಕೆ, ಹೋಗದೆ ಉಳಿದ ದಿನ ಬೀದಿಯ ಸಹವಾಸ. ಎಸ್.ಎಸ್.ಎಲ್.ಸಿ. ಮುಟ್ಟುವ ಮೊದಲೇ ಶಾಲೆಗೆ ಶರಣು. ಸಿಗರೇಟು, ಕುಡಿತ, ಮಾದಕ ವಸ್ತುಗಳ ಚಟ ಇಂಥವರಿಗೆ ಬೇಗ ಅಂಟುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಕೊನೆಗೆ ಒಂದು ದಿನ ಯಾರೋ ಒಂದು ಮಾತು ಆಡಿದಾಗ, ಹತ್ತು ಎಣಿಸುವಷ್ಟು ವ್ಯವಧಾನವಿಲ್ಲದೆ ಕೈ ಎತ್ತಿಬಿಡುತ್ತಾನೆ. ಹೊಂಚು ಹಾಕಿ ಮಾಡಿದ ಅಪರಾಧಕ್ಕಿಂತ ಈ ಬಗೆಯ ದುಡುಕಿನ ಅಪರಾಧವೇ ಇಂಥವರಲ್ಲಿ ಹೆಚ್ಚು. ದುಡುಕಿನಲ್ಲಿ ಮಾಡಿದ್ದರಿಂದ ಸಿಕ್ಕಿಬೀಳುವುದೂ ಸುಲಭ.

ಸೆರೆಮನೆಗಳಲ್ಲಿ ಇಂಥವರು ಎಷ್ಟು ಮಂದಿ? ವಿದ್ಯಾರ್ಥಿಗಳಾದ ನೀವು ಅಂಕಿಅಂಶಗಳನ್ನು ಓದುವ ಕ್ರಮವನ್ನು ಕಲಿಯಲು ಇದೊಂದು ಒಳ್ಳೆಯ ಉದಾಹರಣೆ. 2015ರಲ್ಲಿ ಸೂಸನ್ ಯಂಗ್ ಮತ್ತು ಸಂಗಡಿಗರು ಹಲವು ದೇಶಗಳ 42 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಂದರ್ಶನದ ಮೂಲಕ ಪತ್ತೆ ಮಾಡಿದ ಕಡೆಗಳಲ್ಲಿ ಕೈದಿಗಳ ಪೈಕಿ ಸುಮಾರು ಶೇಕಡಾ 25 ಮಂದಿಗೆ ಗಮನ ಕೊರತೆ ಇದೆ ಎಂಬ ಲೆಕ್ಕ ಸಿಕ್ಕಿತು. 2024ರಲ್ಲಿ ಸೀನಾ ಫಜಲ್ ಮತ್ತು ಲೂಯಿ ಫಾವ್ರಿಲ್ ಇನ್ನೂ ಬಿಗಿಯಾದ ನಿಯಮಗಳನ್ನು ಇಟ್ಟುಕೊಂಡು ವಯಸ್ಕ ಕೈದಿಗಳ ಅಧ್ಯಯನಗಳನ್ನಷ್ಟೇ ಆರಿಸಿ ಲೆಕ್ಕ ಹಾಕಿದಾಗ ಅದು ಸುಮಾರು ಶೇಕಡಾ 8ಕ್ಕೆ ಇಳಿಯಿತು. ಒಂದು ಕಡೆ ನಾಲ್ವರಲ್ಲಿ ಒಬ್ಬ, ಇನ್ನೊಂದು ಕಡೆ ಹನ್ನೆರಡು ಮಂದಿಯಲ್ಲಿ ಒಬ್ಬ. ಇಷ್ಟು ಅಂತರ ಏಕೆ? ಯಾರನ್ನು ಸೇರಿಸಿದರು, ಯಾವ ಅಳತೆಗೋಲು ಬಳಸಿದರು ಎಂಬುದರ ಮೇಲೆ ಉತ್ತರ ನಿಂತಿದೆ. ಸೆರೆಮನೆಯಲ್ಲಿ ನಿದ್ರೆ ಇರದು, ಆತಂಕ ಇರುತ್ತದೆ, ಚಟ ಬಿಟ್ಟಾಗಿನ ಚಡಪಡಿಕೆ ಇರುತ್ತದೆ. ಇವೆಲ್ಲವೂ ಮೇಲುನೋಟಕ್ಕೆ ಗಮನ ಕೊರತೆಯಂತೆಯೇ ಕಾಣುತ್ತವೆ. ಆದರೂ ಚಿಕ್ಕ ಲೆಕ್ಕವನ್ನೇ ಹಿಡಿದರೂ ಹೊರಗಿನ ಸಮಾಜದ ಮೂರು ಪಟ್ಟು ಜನ ಒಳಗಿದ್ದಾರೆ ಎಂದಾಯಿತು.

ಒಳಗೆ ಹೋದ ಮೇಲೆ ಇವರ ಪಾಡು ಇನ್ನೂ ಕಷ್ಟದ್ದು. ಸೆರೆಮನೆ ಎಂದರೆ ನಿಯಮಗಳ ಲೋಕ. ಎಣಿಕೆಗೆ ಸಾಲಿನಲ್ಲಿ ನಿಲ್ಲಬೇಕು, ಊಟಕ್ಕೆ ಕಾಯಬೇಕು, ಹೇಳಿದ ಮಾತನ್ನು ನೆನಪಿಟ್ಟುಕೊಳ್ಳಬೇಕು, ಕೆಣಕಿದರೂ ಸುಮ್ಮನಿರಬೇಕು. ಗಮನ ಕೊರತೆ ಇರುವವನಿಗೆ ಅತ್ಯಂತ ಕಷ್ಟವಾದ ಕೆಲಸಗಳು ಇವೇ. ನಿಯಮ ಮುರಿದರೆ ಸವಲತ್ತು ಕಡಿತ, ಜಗಳವಾದರೆ ಒಂಟಿಕೋಣೆ. ಮನಸ್ಸನ್ನು ತಿದ್ದಲೆಂದು ನಡೆಸುವ ತರಗತಿಗಳಲ್ಲೂ ಇವರು ಕೂರಲಾರರು. ಅರ್ಧಕ್ಕೆ ಬಿಟ್ಟುಹೋದವನು ಎಂದು ದಾಖಲೆಯಾಗುತ್ತದೆ. ಶಾಲೆಯಲ್ಲಿ ನಡೆದದ್ದೇ ಇಲ್ಲಿ ಮತ್ತೊಮ್ಮೆ, ಇನ್ನೂ ಕಠಿಣವಾಗಿ ನಡೆಯುತ್ತದೆ.

ಇಂಥವರಿಗೆ ಸೆರೆಮನೆಯೊಳಗೇ ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡ ದೇಶಗಳಲ್ಲಿ ಸ್ವೀಡನ್ ಮುಖ್ಯವಾದದ್ದು. ರಾಜಧಾನಿ ಸ್ಟಾಕ್‌ಹೋಮ್‌ನ ಉತ್ತರಕ್ಕೆ ನೊರ್ಟೇಲ್ಯೆ ಎಂಬ ಊರಿದೆ. ಅಲ್ಲಿಯ ಬಿಗಿ ಭದ್ರತೆಯ ಸೆರೆಮನೆಯಲ್ಲಿ ದೀರ್ಘ ಶಿಕ್ಷೆಗೊಳಗಾದ ಗಂಡಸರನ್ನು ಇಡುತ್ತಾರೆ. ಕರೋಲಿನ್‌ಸ್ಕಾ ಸಂಸ್ಥೆಯ ಮನೋವೈದ್ಯೆ ಇಲ್ವಾ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು ಈ ಕೈದಿಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಬಾಲ್ಯದ ವಿವರಗಳನ್ನು ಕೇಳಿ ತಿಳಿದರು. ಗಮನ ಕೊರತೆ ಖಚಿತವಾದ 30 ಮಂದಿಯ ಕಥೆಯನ್ನು ಬಿಡಿಸಿ ನೋಡಿದಾಗ ಮನಸ್ಸಿಗೆ ನಾಟುವ ಒಂದು ಸಂಗತಿ ಹೊರಬಂತು. ಅವರಲ್ಲಿ ಹೆಚ್ಚಿನವರಿಗೆ ಶಾಲಾ ದಿನಗಳಲ್ಲೇ ವಿಶೇಷ ನೆರವು ಬೇಕಾಗಿತ್ತು. ಆದರೆ ಬಾಲ್ಯದಲ್ಲಿ ಗಮನ ಕೊರತೆ ಎಂದು ಪತ್ತೆಯಾಗಿದ್ದುದು 30 ಮಂದಿಯಲ್ಲಿ ಕೇವಲ ಇಬ್ಬರಿಗೆ. ಎಲ್ಲರಿಗೂ ಮಾದಕ ವಸ್ತುಗಳ ಚಟದ ಹಿನ್ನೆಲೆ ಇತ್ತು, ಅದರಲ್ಲೂ ಆಂಫೆಟಮಿನ್ ಚಟದವರು ಬಹಳ.

ಈಗ ವೈದ್ಯರ ಮುಂದಿದ್ದ ಇಕ್ಕಟ್ಟನ್ನು ಗಮನಿಸಿ. ಕೊಡಬೇಕಾದ ಔಷಧ ಮಿಥೈಲ್‌ಫೆನಿಡೇಟ್. ಅದು ಆಂಫೆಟಮಿನ್‌ನ ದಾಯಾದಿ ಇದ್ದ ಹಾಗೆ. ಚಟ ಇದ್ದವರ ಕೈಗೆ ಅದನ್ನು ಕೊಡುವುದು ಹೇಗೆ? ಅದಕ್ಕಾಗಿ ಅವರು ಔಷಧವನ್ನು ನಿಧಾನವಾಗಿ, ಹಗಲಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡುವ ಗುಳಿಗೆಯನ್ನು ಆರಿಸಿಕೊಂಡರು. ಇದನ್ನು ಪುಡಿ ಮಾಡಿ ಮೂಗಿಗೆ ಏರಿಸುವುದು ಸುಲಭವಲ್ಲ. ಒಮ್ಮೆಗೇ ನೆತ್ತಿಗೇರುವ ಅಮಲೂ ಇದರಿಂದ ಬರುವುದಿಲ್ಲ. 15 ಮಂದಿಗೆ ನಿಜವಾದ ಗುಳಿಗೆ, 15 ಮಂದಿಗೆ ಅದೇ ರೂಪದ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೈದಿಗಳಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಐದು ವಾರಗಳ ನಂತರ ನೋಡಿದರೆ, ಔಷಧ ಪಡೆದವರಲ್ಲಿ ಲಕ್ಷಣಗಳು ಎದ್ದು ಕಾಣುವಷ್ಟು ತಗ್ಗಿದ್ದವು. ಇನ್ನೊಂದು ಗುಂಪಿನಲ್ಲಿ ಅಂಥ ಬದಲಾವಣೆ ಇರಲಿಲ್ಲ. ಆಮೇಲೆ 47 ವಾರ ಎಲ್ಲರಿಗೂ ನಿಜವಾದ ಔಷಧವನ್ನೇ ಕೊಟ್ಟರು. ವರ್ಷದ ಕೊನೆಯವರೆಗೂ ಸುಧಾರಣೆ ಮುಂದುವರಿಯಿತು. 2012ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಮನೋವೈದ್ಯರು ಕಿವಿ ನಿಮಿರಿಸಿ ಕೇಳಿದರು.

ಅದೇ ವರ್ಷ ಸ್ವೀಡನ್ನಿನ ಇನ್ನೊಂದು ದೊಡ್ಡ ಅಧ್ಯಯನವೂ ಹೊರಬಂತು. ಪಾಲ್ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು ಗಮನ ಕೊರತೆ ಇದ್ದ 25,656 ಮಂದಿಯ 2006ರಿಂದ 2009ರವರೆಗಿನ ಸರ್ಕಾರಿ ದಾಖಲೆಗಳನ್ನು ಪರಿಶೀಲಿಸಿದರು. ಒಬ್ಬನೇ ಮನುಷ್ಯ ಔಷಧ ತೆಗೆದುಕೊಳ್ಳುತ್ತಿದ್ದ ತಿಂಗಳುಗಳನ್ನೂ ತೆಗೆದುಕೊಳ್ಳದಿದ್ದ ತಿಂಗಳುಗಳನ್ನೂ ಹೋಲಿಸಿದರು. ರಾಮನನ್ನು ಭೀಮನ ಜೊತೆ ಹೋಲಿಸದೆ, ರಾಮನನ್ನು ರಾಮನ ಜೊತೆಗೇ ಹೋಲಿಸಿದ ಹಾಗೆ. ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಡಸರಲ್ಲಿ ಅಪರಾಧದ ಪ್ರಮಾಣ ಶೇಕಡಾ 32ರಷ್ಟು, ಹೆಂಗಸರಲ್ಲಿ ಶೇಕಡಾ 41ರಷ್ಟು ಕಡಿಮೆ ಇತ್ತು. ಆದರೆ ಎಚ್ಚರವಿರಲಿ, ಔಷಧವೇ ಇದಕ್ಕೆ ಕಾರಣ ಎಂದು ದಾಖಲೆಗಳಿಂದಷ್ಟೇ ಹೇಳಲಾಗದು. ಬದುಕು ಹದಕ್ಕೆ ಬಂದ ಕಾಲದಲ್ಲೇ ಮನುಷ್ಯ ಔಷಧವನ್ನೂ ನಿಯಮಿತವಾಗಿ ತೆಗೆದುಕೊಳ್ಳುತ್ತಿರಬಹುದು.

ಇಲ್ಲಿಗೆ ಕಥೆ ಮುಗಿದಿದ್ದರೆ, ಎಲ್ಲ ಸೆರೆಮನೆಗಳಿಗೂ ಗುಳಿಗೆ ಕಳಿಸಿ ಎಂದು ಹೇಳಿ ನಾನು ಮಾತು ಮುಗಿಸಬಹುದಿತ್ತು. ಆದರೆ ವಿಜ್ಞಾನದಲ್ಲಿ ಒಂದು ಪ್ರಯೋಗದ ಉತ್ತರವನ್ನು ಇನ್ನೊಂದು ಪ್ರಯೋಗ ಒರೆಗೆ ಹಚ್ಚಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಫಿಲಿಪ್ ಆಶರ್‌ಸನ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. ಲಂಡನ್ನಿನ ಒಂದು ಯುವ ಕೈದಿಗಳ ಸೆರೆಮನೆ ಮತ್ತು ಸ್ಕಾಟ್ಲೆಂಡಿನ ಪೋಲ್‌ಮಂಟ್ ಸೆರೆಮನೆಯಲ್ಲಿ 16ರಿಂದ 25 ವರ್ಷದೊಳಗಿನ 200 ಯುವಕರನ್ನು ಆರಿಸಿದರು. ಔಷಧ ಅದೇ, ಕ್ರಮವೂ ಅದೇ, ಅವಧಿ ಎಂಟು ವಾರ. 2023ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ಔಷಧ ಪಡೆದವರಿಗೂ ಪಡೆಯದವರಿಗೂ ಲಕ್ಷಣಗಳಲ್ಲಾಗಲಿ ನಡವಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ನೊರ್ಟೇಲ್ಯೆಯಲ್ಲಿ ಫಲ ಕೊಟ್ಟ ಔಷಧ ಲಂಡನ್ನಿನಲ್ಲಿ ಏಕೆ ಕೊಡಲಿಲ್ಲ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಮೊದಲನೆಯದಾಗಿ, 30 ಮಂದಿಯ ಪ್ರಯೋಗಕ್ಕಿಂತ 200 ಮಂದಿಯ ಪ್ರಯೋಗಕ್ಕೆ ತೂಕ ಹೆಚ್ಚು. ಅದನ್ನು ನಾವು ಒಪ್ಪಬೇಕು. ಎರಡನೆಯದಾಗಿ, ಎರಡೂ ಕಡೆಯ ಜನ ಬೇರೆ. ನೊರ್ಟೇಲ್ಯೆಯವರು ದೀರ್ಘ ಶಿಕ್ಷೆಯ ವಯಸ್ಕರು, ಬಹಳ ವಿವರವಾದ ಪರೀಕ್ಷೆಗೆ ಒಳಗಾದವರು. ಲಂಡನ್ನಿನವರು ಹದಿಹರೆಯ ದಾಟುತ್ತಿದ್ದ ಹುಡುಗರು. ಅಂಥ ಹುಡುಗರ ಬಾಲ್ಯದಲ್ಲಿ ಹೊಡೆತ, ತಿರಸ್ಕಾರ, ಮಾದಕ ವಸ್ತುಗಳು ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುವುದುಂಟು. ಅವರ ಚಂಚಲತೆಯಲ್ಲಿ ಗಮನ ಕೊರತೆಯ ಪಾಲೆಷ್ಟು, ನೋವಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ನೋವಿನಿಂದ ಬಂದ ಚಂಚಲತೆಗೆ ಈ ಗುಳಿಗೆ ಮದ್ದಲ್ಲ. ಎಂಟು ವಾರದಲ್ಲಿ ಒಂದು ಬದುಕಿನ ಗಂಟು ಬಿಚ್ಚುವುದೂ ಇಲ್ಲ.

ಇದಕ್ಕೆ ಪೂರಕವಾಗಿ ಇನ್ನೊಂದು ಪ್ರಯೋಗವನ್ನು ಹೇಳಬೇಕು. ಮತ್ತೆ ಸ್ವೀಡನ್ನಿನದೇ, 2014ರಲ್ಲಿ ಪ್ರಕಟವಾದದ್ದು. ಗಮನ ಕೊರತೆಯೂ ಆಂಫೆಟಮಿನ್ ಚಟವೂ ಇದ್ದ 54 ಗಂಡಸರನ್ನು ಅದಕ್ಕೆ ಆರಿಸಿದ್ದರು. ಸೆರೆಮನೆಯಿಂದ ಬಿಡುಗಡೆಯಾಗುವ ಸುಮಾರು ಎರಡು ವಾರ ಮೊದಲು ಚಿಕಿತ್ಸೆ ಆರಂಭಿಸಿ, ಹೊರಗೆ ಬಂದ ಮೇಲೂ ಮುಂದುವರಿಸಿ ಒಟ್ಟು 24 ವಾರ ನಡೆಸಿದರು. ಔಷಧದ ಪ್ರಮಾಣವನ್ನು ಸಾಮಾನ್ಯಕ್ಕಿಂತ ಹೆಚ್ಚು ಏರಿಸಿದರು. ಎರಡೂ ಗುಂಪಿನವರಿಗೆ ಮಾತಿನ ಚಿಕಿತ್ಸೆಯನ್ನೂ ಕೊಟ್ಟರು. ಔಷಧ ಪಡೆದವರಲ್ಲಿ ಲಕ್ಷಣಗಳು ತಗ್ಗಿದವು. ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಕಾಣದ ದಿನಗಳು ಹೆಚ್ಚಿದವು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದೆ ಉಳಿದವರೂ ಹೆಚ್ಚು.

ಈ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವ ಪಾಠ ಇದು. ಸೆರೆಮನೆಯಲ್ಲಿ ಗಮನ ಕೊರತೆಗೆ ಚಿಕಿತ್ಸೆ ಎಂದರೆ ಗುಳಿಗೆ ಹಂಚುವುದಲ್ಲ. ಮೊದಲು ಸರಿಯಾದ ಪತ್ತೆ ಆಗಬೇಕು. ಆಮೇಲೆ ಸಾಕಷ್ಟು ಕಾಲ ಬೇಕು. ಔಷಧದ ಜೊತೆಗೆ ಕಲಿಕೆ ಬೇಕು. ಕೊನೆಯದಾಗಿ, ಸೆರೆಮನೆಯ ಬಾಗಿಲು ದಾಟಿದ ಮೇಲೂ ಬಿಡದ ಒಂದು ಕೈ ಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರರ ಬಲ ಕುಂದುತ್ತದೆ.

ಕಲಿಕೆ ಎಂದರೆ ಏನು? ಕೋಪ ಬಂದಾಗ ನಿಲ್ಲುವುದನ್ನು, ಮುಂದಿನ ಹೆಜ್ಜೆ ಯೋಚಿಸುವುದನ್ನು, ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವುದನ್ನು ಸಣ್ಣ ಗುಂಪುಗಳಲ್ಲಿ ಅಭ್ಯಾಸ ಮಾಡಿಸುವುದು. ಬ್ರಿಟನ್ ಮತ್ತು ಯೂರೋಪಿನ ಕೆಲವು ಕಡೆ ಇದಕ್ಕೆಂದೇ ಪಾಠಕ್ರಮಗಳಿವೆ. ಅದಕ್ಕಿಂತ ಸರಳವಾದ ಉಪಾಯಗಳೂ ಇವೆ. ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು. ದಿನಚರಿಯನ್ನು ಚಿತ್ರದ ರೂಪದಲ್ಲಿ ಗೋಡೆಗೆ ಅಂಟಿಸುವುದು. ದೇಹ ದಣಿಯುವ ಕೆಲಸ ಕೊಡುವುದು. ಕಾವಲು ಸಿಬ್ಬಂದಿಗೆ ಈ ತೊಂದರೆಯ ಪರಿಚಯ ಮಾಡಿಸುವುದು. ಇವುಗಳಿಗೆ ಹೆಚ್ಚು ಹಣ ಬೇಕಾಗಿಲ್ಲ.

ಔಷಧದ ವಿಷಯದಲ್ಲಿ ಎಚ್ಚರಿಕೆಗಳೂ ಇವೆ. ಹಸಿವು ಕಡಿಮೆಯಾಗಬಹುದು, ನಿದ್ರೆ ಕೆಡಬಹುದು, ರಕ್ತದೊತ್ತಡ ಮತ್ತು ನಾಡಿಬಡಿತ ಏರಬಹುದು. ಆದ್ದರಿಂದ ವೈದ್ಯರ ನಿಗಾ ಬೇಕೇ ಬೇಕು. ಸೆರೆಮನೆಯಲ್ಲಿ ಗುಳಿಗೆಯೇ ಹಣದಂತೆ ಕೈ ಬದಲಾಗುವ ಅಪಾಯವಿದೆ. ಬಲಶಾಲಿ ಕೈದಿ ದುರ್ಬಲನನ್ನು ಹೆದರಿಸಿ ಕಿತ್ತುಕೊಳ್ಳಬಹುದು. ದಿನಕ್ಕೊಮ್ಮೆ, ದಾದಿಯ ಕಣ್ಣೆದುರಿಗೇ ನುಂಗಿಸುವ ಕ್ರಮ ಇದಕ್ಕಾಗಿ. ಆಟಮಾಕ್ಸೆಟಿನ್‌ನಂಥ, ಉತ್ತೇಜಕವಲ್ಲದ ಔಷಧಗಳೂ ಇವೆ.

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,000ಕ್ಕೂ ಹೆಚ್ಚು ಕೈದಿಗಳ ಮಾನಸಿಕ ಆರೋಗ್ಯವನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಅದರಿಂದ ತಿಳಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಂ ಕೈದಿಗಳ ಚಿಕಿತ್ಸೆಯ ಬಗೆಗೇ ಇದೆ. ಪ್ರತಿಯೊಂದು ರಾಜ್ಯದಲ್ಲಿ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಇರಬೇಕೆಂದು ಅದು ವಿಧಿಸುತ್ತದೆ. ದಾರಿ ಕಾನೂನಿನಲ್ಲಿ ಇದೆ ಎಂದಾಯಿತು.

ಆದರೆ ನಮ್ಮಲ್ಲಿ ಒಂದು ವಿಶೇಷ ತೊಡಕಿದೆ. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ ಸುಮಾರು 5 ಲಕ್ಷ 73 ಸಾವಿರ ಜನರಿದ್ದರು. ಅವರಲ್ಲಿ ಸುಮಾರು 4 ಲಕ್ಷ 34 ಸಾವಿರ ಜನ ವಿಚಾರಣಾಧೀನ ಕೈದಿಗಳು. ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಇವರು ಇಂದು ಒಳಗಿದ್ದು ನಾಳೆ ಜಾಮೀನಿನ ಮೇಲೆ ಹೊರಹೋಗಬಹುದು, ಇಲ್ಲವೇ ವರ್ಷಗಟ್ಟಲೆ ಉಳಿಯಬಹುದು. ಎಷ್ಟು ದಿನ ಇರುತ್ತಾನೆಂದು ತಿಳಿಯದವನಿಗೆ ಒಂದು ವರ್ಷದ ಚಿಕಿತ್ಸೆಯನ್ನು ಯೋಜಿಸುವುದು ಹೇಗೆ? ಮಿಥೈಲ್‌ಫೆನಿಡೇಟ್ 1985ರ ಮಾದಕ ದ್ರವ್ಯಗಳ ಕಾಯಿದೆಯ ಅನುಸೂಚಿಯಲ್ಲಿ ಸೇರಿರುವ ಔಷಧವಾದ್ದರಿಂದ ಅದನ್ನು ಇಡುವುದಕ್ಕೂ ಕೊಡುವುದಕ್ಕೂ ಬಿಗಿಯಾದ ಕ್ರಮ ಅಗತ್ಯ. ಹಾಗಾಗಿ ಸೆರೆಮನೆಯ ವೈದ್ಯರನ್ನೂ ಊರಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಬೆಸೆಯುವ ಏರ್ಪಾಡು ನಮ್ಮಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯ. ಅದಕ್ಕೂ ಮೊದಲ ಅವಕಾಶವೊಂದಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಗುವಿನ ಬಗ್ಗೆ ಸಾಮಾಜಿಕ ತನಿಖಾ ವರದಿ ತಯಾರಾಗುತ್ತದೆ. ಮಗುವಿನ ಮನೆ, ಶಾಲೆ, ಸ್ವಭಾವ ಎಲ್ಲವನ್ನೂ ಕೇಳಿ ಬರೆಯುವ ಆ ಹೊತ್ತಿನಲ್ಲಿ ಗಮನದ ಬಗ್ಗೆಯೂ ಕೇಳಿದರೆ, ಬಾಲಕ ದೊಡ್ಡವರ ಸೆರೆಮನೆ ಮುಟ್ಟುವ ಮೊದಲೇ ತಡೆಯಬಹುದು.

ಇಲ್ಲಿ ನಿಮ್ಮಲ್ಲಿ ಯಾರಾದರೂ ಎದ್ದು ನಿಂತು ಕೇಳಬಹುದು: ತಪ್ಪು ಮಾಡಿದವನಿಗೆ ರೋಗದ ಹೆಸರು ಕೊಟ್ಟು ಪಾರು ಮಾಡುತ್ತೀರಾ? ಹೊಡೆತ ತಿಂದವನ ಗತಿ ಏನು? ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟು. ಗಮನ ಕೊರತೆ ಅಪರಾಧಕ್ಕೆ ಮಾಫಿ ಅಲ್ಲ. ನಾನು ಹೇಳಿದ ಯಾವ ಪ್ರಯೋಗದಲ್ಲೂ ಶಿಕ್ಷೆಯನ್ನು ರದ್ದು ಮಾಡಲಿಲ್ಲ. ಶಿಕ್ಷೆಯ ಜೊತೆಗೆ ಚಿಕಿತ್ಸೆ ನಡೆಯಿತು. ಸೆರೆಮನೆಗೆ ಹೋದ ಬಹುಪಾಲು ಜನ ಒಂದು ದಿನ ನಮ್ಮ ಬೀದಿಗೇ ಮರಳುತ್ತಾರೆ. ಹೋದಾಗಿನ ದುಡುಕನ್ನೇ ಹೊತ್ತು ಮರಳಬೇಕೆ, ಅದನ್ನು ಹತೋಟಿಯಲ್ಲಿಡುವ ಬಲದೊಡನೆ ಮರಳಬೇಕೆ? ಮುಂದೆ ಹೊಡೆತ ತಿನ್ನಬಹುದಾದ ಅಮಾಯಕನ ಕಡೆಯಿಂದ ಯೋಚಿಸಿದರೂ ಉತ್ತರ ಒಂದೇ.

ಕೊನೆಯದಾಗಿ ನಿಮ್ಮ ಪಾಲಿನ ಕೆಲಸದ ಬಗ್ಗೆ ಎರಡು ಮಾತು. ನಿಮ್ಮ ತರಗತಿಯಲ್ಲೂ ಇಂಥ ಒಬ್ಬರಿಬ್ಬರು ಇರಬಹುದು. ಅವರಿಗೆ ನೀವು ರೋಗದ ಹೆಸರು ಇಡಬೇಡಿ, ಅದು ವೈದ್ಯರ ಕೆಲಸ. ಆದರೆ ಅಡ್ಡಹೆಸರೂ ಇಡಬೇಡಿ. ಅವರ ತಪ್ಪಿದ ಟಿಪ್ಪಣಿಗಳನ್ನು ಬರೆದುಕೊಳ್ಳಲು ನಿಮ್ಮ ಪುಸ್ತಕ ಕೊಡಿ. ಶಾಲೆ ಬಿಡುವ ಯೋಚನೆಯಲ್ಲಿದ್ದರೆ ನಿಮಗೆ ಹತ್ತಿರವಾದ ಒಬ್ಬ ಮೇಷ್ಟರಿಗೋ ಟೀಚರಿಗೋ ತಿಳಿಸಿ. ಸ್ವತಃ ನಿಮಗೇ ಇಂಥ ತೊಂದರೆ ಇದೆ ಅನ್ನಿಸಿದರೆ ಮನೆಯವರೊಡನೆ ಮಾತಾಡಿ ವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ನಿಮ್ಮಲ್ಲಿ ಮುಂದೆ ಶಿಕ್ಷಕರಾಗುವವರು, ವಕೀಲರಾಗುವವರು, ಪೊಲೀಸ್ ಅಧಿಕಾರಿಗಳು, ವೈದ್ಯರು ಆಗುವವರಿದ್ದೀರಿ. ನೊರ್ಟೇಲ್ಯೆಯ ಆ 30 ಮಂದಿಯಲ್ಲಿ 28 ಮಂದಿಯ ತೊಂದರೆ ಬಾಲ್ಯದಲ್ಲಿ ಯಾರಿಗೂ ಕಾಣದೆ ಹೋಯಿತು ಎಂಬುದನ್ನು ಆಗ ನೆನಪಿಸಿಕೊಳ್ಳಿ.

ಹುಟ್ಟುಗುಣವನ್ನು ಸುಡಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಗುರುತಿಸಿ, ಹಿಡಿದು ನಡೆಸುವುದನ್ನು ಕಲಿಸಿದರೆ ಸಾಕು. ಆ ಕೆಲಸ ಶಾಲೆಯಲ್ಲೇ ನಡೆದರೆ ಉತ್ತಮ. ಅಲ್ಲಿ ತಪ್ಪಿಹೋದರೆ ಸೆರೆಮನೆಯಲ್ಲಾದರೂ ನಡೆಯಬೇಕು.